ಖಾನಾಪುರದಲ್ಲೊಂದು ತವರು

ಅನಗೋಳ, ಬೆಳಗಾವಿ
೧೧ ನವೆಂಬರ್ ೨೦೨೪

ಕಾಂತಾ,

ನನ್ನ ಫೋನು ನೀನು ಎತ್ತುವುದಿಲ್ಲ. ಬೇರೆಯವರ ಫೋನಿನಿಂದ ಮಾಡಿದರೆ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ. ಪತ್ರವನ್ನಾದರೆ ಕೊನೆಯವರೆಗೆ ಓದದೆ ಬಿಡುವವಳಲ್ಲ ನೀನು. ಟ್ರೇನಿಂಗ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಭಜಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಿದ್ದೆ. ಅದನ್ನು ನಂಬಿ ಬರೆಯುತ್ತಿದ್ದೇನೆ. ನಮ್ಮ ಮೂರು ವರ್ಷದ ಜಗಳದ ವಿಷಯ ಇದರಲ್ಲಿಲ್ಲ, ಹೆದರಬೇಡ.

ನನ್ನ ಹಿತ್ತಲ ಖೋಲಿಯಲ್ಲಿ ನೇಪಾಳದ ಗಂಡ ಹೆಂಡತಿ ಬಾಡಿಗೆಗೆ ಇದ್ದಾರೆ. ಗಂಡ ಟೇಕ ಬಹಾದ್ದೂರ, ನಮ್ಮ ನಾಕೆಯಲ್ಲಿ ಚೈನೀಸ್ ಗಾಡಿ ಹಾಕುತ್ತಾನೆ. ಹೆಂಡತಿ ಸುಂತಲಿ, ಇಪ್ಪತ್ಮೂರು ವರ್ಷ. ಈಗ ಆರು ತಿಂಗಳ ಬಸುರಿ.

ಇದು ಎರಡನೆಯದು. ಹೋದ ವರ್ಷ ಎಂಟನೇ ತಿಂಗಳಲ್ಲಿ ಮೊದಲ ಕೂಸು ಹೊಟ್ಟೆಯಲ್ಲೇ ಹೋಯಿತು. ಎರಡು ದಿನದಿಂದ ಕೂಸು ಮಿಸುಕಾಡುತ್ತಿರಲಿಲ್ಲವಂತೆ. ಯಾರಿಗೆ ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದಳು. ನನಗೆ ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದೆ. "ನೀವು ಮನಿ ಮಾಲಕೀಣರು" ಅಂದಳು. ಗಣಿತ ಕಲಿಸಿದವಳಲ್ಲವೇ, ಹೆಜ್ಜೆ ಎಣಿಸಿ ನೋಡಿದೆ. ನನ್ನ ಅಡುಗೆಮನೆಯಿಂದ ಅವಳ ಬಾಗಿಲಿಗೆ ಇಪ್ಪತ್ತೆರಡು ಹೆಜ್ಜೆ. ಅಷ್ಟು ದೂರದಲ್ಲಿ ಕೂತು ನಾನು ಟಿವಿ ನೋಡುತ್ತಿದ್ದೆ. ಆ ನಾಚಿಕೆ ನನ್ನನ್ನು ಬಿಟ್ಟಿಲ್ಲ.

ಈ ಸಲ ಟೇಕ ಅವಳನ್ನು ಊರಿಗೆ ಕಳಿಸುತ್ತೇನೆ ಅನ್ನುತ್ತಾನೆ. ದಿಲ್ಲಿಗೆ ಎರಡು ದಿನದ ರೈಲು, ಅಲ್ಲಿಂದ ಗಡಿಗೆ ಬಸ್ಸು, ಗಡಿಯಿಂದ ಬೆಟ್ಟ ಹತ್ತುವ ಇನ್ನೊಂದು ಬಸ್ಸು, ಕಡೆಗೆ ಅರ್ಧ ದಿನ ನಡಿಗೆ. ಅವಳ ಮೈಯಲ್ಲಿ ರಕ್ತ ಕಡಿಮೆ, ಈ ಪ್ರಯಾಣ ಮಾಡಿಸಿದರೆ ಕೂಸಿನ ಆಸೆ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಅಲ್ಲಿಯೂ ಅವಳ ತಾಯಿ ಇಲ್ಲ, ತೀರಿಕೊಂಡಿದ್ದಾಳೆ.

ನಾನೇ ಬಾಣಂತನ ಮಾಡುತ್ತಿದ್ದೆ. ಆದರೆ ಮದುವೆಯನ್ನೇ ಆಗದವಳಿಗೆ ಬಾಣಂತನ ಏನು ಗೊತ್ತು? ಮೊಣಕಾಲಿನ ಆಪರೇಶನ್ ಬೇರೆ ಆಗಿದೆ. ಮೇಲಾಗಿ ಒಂದೇ ಅಂಗಳದಲ್ಲಿ ಗಂಡನ ಮನೆಯೂ ತವರುಮನೆಯೂ ಹೇಗೆ ಆದೀತು? ಬಾಗಿಲು ದಾಟಿದರೆ ಮತ್ತೆ ಅದೇ ಕೊಡ, ಅದೇ ಒಲೆ. ಆ ಹುಡುಗಿಗೆ ಬೇಕಾದದ್ದು ಒಂದು ತವರುಮನೆ.

ನಿನ್ನ ಮನೆಯ ಮೂಡಲ ಖೋಲಿ ಖಾಲಿ ಇದೆ ಎಂದು ನನಗೆ ಗೊತ್ತು. ಯಾಕೆ ಖಾಲಿ ಇದೆ ಎಂಬುದೂ ಗೊತ್ತು. ಆದರೂ ಕೇಳುತ್ತಿದ್ದೇನೆ.

ನಿನ್ನ
ಕುಂದಾ


ಖಾನಾಪುರ
೨೫ ನವೆಂಬರ್ ೨೦೨೪

ಕುಂದಾಬಾಯಿಯವರಿಗೆ ಶರಣು.

ನಿಮ್ಮ ಪತ್ರ ಮುಟ್ಟಿತು. ಹದಿನೈದು ದಿನ ಉತ್ತರ ಬರೆಯಬಾರದು ಅಂದುಕೊಂಡಿದ್ದೆ, ಹದಿನಾಲ್ಕಕ್ಕೇ ಕೂತಿದ್ದೇನೆ. ನಮ್ಮ ಯಜಮಾನರು ಪತ್ರ ಮೂರು ಸಲ ಓದಿ ನನ್ನನ್ನು ಕೇಳದೆಯೇ ಮೂಡಲ ಖೋಲಿಗೆ ಸುಣ್ಣ ಹಚ್ಚಿಸಿದ್ದಾರೆ. ಗುರುಪುತ್ರಪ್ಪನವರಿಗೆ ಹಂಚಿನ ಅಂಗಡಿಯಲ್ಲಿ ಕೆಲಸ ಕಡಿಮೆ, ಮನೆಯಲ್ಲಿ ಪರೋಪಕಾರ ಜಾಸ್ತಿ.

ಹುಡುಗಿಯನ್ನು ಕಳಿಸಿ. ಆದರೆ ಕುಬಸ ಮಾಡದೆ ಬಸುರಿ ಹೆಣ್ಣುಮಗಳನ್ನು ತವರಿಗೆ ಕರೆತರುವ ರೂಢಿ ನಮ್ಮಲ್ಲಿಲ್ಲ. ಏಳನೇ ತಿಂಗಳಲ್ಲಿ ನನ್ನ ಮಗ ಬಸವಪ್ರಸಾದ ಹಸಿರು ಸೀರೆ, ಕುಬಸದ ಕಣ, ಬಳೆ, ಉಡಿ ತುಂಬುವ ಸಾಮಾನು ತೆಗೆದುಕೊಂಡು ಬರುತ್ತಾನೆ. ಅಣ್ಣನ ಸ್ಥಾನದಲ್ಲಿ ನಿಂತು ಕರೆತರುತ್ತಾನೆ.

ಎರಡು ಷರತ್ತು. ನೀವು ನಮ್ಮ ಮನೆಗೆ ಬರಬಾರದು. ಆ ಹೆಸರು ಪತ್ರದಲ್ಲಿ ಬರೆಯಬಾರದು. ನನ್ನ ಮಗಳನ್ನು ಓದಲಿಕ್ಕೆ ನಿಮ್ಮ ಮನೆಯಲ್ಲಿ ಇರಿಸಿದ್ದೆ. ನಿಮ್ಮ ಅಣ್ಣ ಬಿಂದುಮಾಧವರ ಮಗನ ಜೊತೆ ಆದ ಅವಳ ರಿಜಿಸ್ಟರ್ ಮದುವೆಗೆ ನೀವು ಸಾಕ್ಷಿ ಸಹಿ ಹಾಕಿದಿರಿ. ಅದನ್ನು ನಾನು ಮರೆತಿಲ್ಲ.

ಕಾಂತಾ


ಅನಗೋಳ
೧೦ ಡಿಸೆಂಬರ್ ೨೦೨೪

ಕಾಂತಾ,

ನೀನು ಎಷ್ಟು 'ನೀವು' ಅಂದರೂ ನಾನು 'ನೀನು' ಎಂದೇ ಬರೆಯುತ್ತೇನೆ. ಬೇಕಾದರೆ ಮೂರನೇ ಷರತ್ತು ಹಾಕು.

ಸುಂತಲಿ ಸುಖವಾಗಿ ತಲುಪಿದಳೆಂದು ಬಸವಪ್ರಸಾದ ಫೋನು ಮಾಡಿದ. ಕುಬಸದ ದಿನ ಇಲ್ಲಿ ಏನಾಯಿತೆಂದು ಅವನು ಗಂಡಸರ ಹಾಗೆ ಎರಡು ಮಾತಿನಲ್ಲಿ ಹೇಳಿರುತ್ತಾನೆ. ನಾನು ಸರಿಯಾಗಿ ಹೇಳುತ್ತೇನೆ.

ನಾಲ್ಕು ಜನ ಹೆಂಗಸರನ್ನು ಕರೆದಿದ್ದೆ, ಓಣಿಯೇ ಬಂತು. ಎದುರು ಮನೆಯ ರಸಿಕಾ, ನಾವು ಮರಾಠಿಯವರು ಇದಕ್ಕೆ ಡೋಹಾಳೆ ಜೇವಣ ಅನ್ನುತ್ತೇವೆ ಎಂದು ಎರಡು ಬಟ್ಟಲು ಮುಚ್ಚಿ ತಂದಳು. ಒಂದರಲ್ಲಿ ಪೇಡೆ, ಒಂದರಲ್ಲಿ ಬರ್ಫಿ. ಪೇಡೆ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು. ಸುಂತಲಿ ಎರಡೂ ಮುಚ್ಚಳ ತೆಗೆದು ಎರಡನ್ನೂ ತಿಂದಳು. ನಕ್ಕೂ ನಕ್ಕೂ ನಮ್ಮ ಕಣ್ಣಲ್ಲಿ ನೀರು. ಟೇಕ ಬಹಾದ್ದೂರ ಗಾಡಿ ಬಂದ್ ಮಾಡಿ ಎಲ್ಲರಿಗೂ ನೂಡಲ್ಸ್ ಮಾಡಿದ. ಬೆಳ್ಳುಳ್ಳಿ ತಿನ್ನದವರಿಗೆಂದು ಹೊಸ ಕಡಾಯಿ ಬೇರೆ ಇಟ್ಟಿದ್ದ. ಯಾರು ಹೇಳಿದ್ದರೋ ಕಾಣೆ. ನಾಲ್ಕು ವರ್ಷ ಅವನ ಗಾಡಿಯ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದವರು ಎರಡೆರಡು ಸಲ ಹಾಕಿಸಿಕೊಂಡರು.

ನೀನು ಕಳಿಸಿದ ಬಳೆ ಇಡಿಸುವಾಗ ಮಾತ್ರ ಆ ಹುಡುಗಿ ಅತ್ತಳು. ಬಸವಪ್ರಸಾದನ ಕಡೆ ಕೈ ಮಾಡಿ, "ಇವರ ಅವ್ವ ನನ್ನ ಮಾರೀನೂ ನೋಡಿಲ್ಲ. ಬಳಿ ಅಳತಿ ಹೆಂಗ ಗೊತ್ತಾತು?" ಅಂದಳು. ಅದಕ್ಕೆ ನಿನ್ನ ಮಗ ಏನಂದ ಗೊತ್ತೇ? "ನಮ್ಮವ್ವಗ ಎಲ್ಲಾ ಗೊತ್ತಿರತೈತಿ ತಂಗಿ. ಹೇಳೂದಿಲ್ಲ, ಅಷ್ಟೇ."

ಕಾಂತಾ, ನಿನ್ನ ಉಪಕಾರ ದೊಡ್ಡದು. ಇಷ್ಟು ದಿನ ಬರೆಯಲು ಜಂಬ ಅಡ್ಡ ಬರುತ್ತಿತ್ತು, ಈಗ ಬರೆದಿದ್ದೇನೆ.

ಕುಂದಾ


ಖಾನಾಪುರ
೩೦ ಜನವರಿ ೨೦೨೫

ಕುಂದಾಬಾಯಿ,

ನಿಮ್ಮ ಹುಡುಗಿ ಚೆನ್ನಾಗಿದ್ದಾಳೆ. ನನ್ನನ್ನು 'ಆಮಾ' ಎಂದು ಕರೆಯುತ್ತಾಳೆ. ಅವರ ಕಡೆ ತಾಯಿಗೆ ಹಾಗೆ ಅನ್ನುತ್ತಾರಂತೆ. ಮೊದಲ ವಾರ ಕೇಳಿಸದವಳ ಹಾಗೆ ಇದ್ದೆ, ಎಷ್ಟು ದಿನ ಇರಲಿಕ್ಕಾಗುತ್ತದೆ?

ನಮ್ಮ ಓಣಿಗೆ ಈಗ ಬೇರೆ ಕೆಲಸವೇ ಉಳಿದಿಲ್ಲ. ಆಶಾ ಕಾರ್ಯಕರ್ತೆ ಬಾಳವ್ವ ತಾಯಿ ಕಾರ್ಡು ಮಾಡಿಸಲಿಕ್ಕೆ ಓಡಾಡಿದಳು. ಆಧಾರ ಇಲ್ಲ, ಊರು ನೇಪಾಳ, ಯಾರ ಮನೆಯವಳು ಎಂದು ಬರೆಯೋಣ ಎಂದು ಆಫೀಸಿನಲ್ಲಿ ಕೇಳಿದರಂತೆ. "ಕಾಂತಕ್ಕನ ಮನಿಯಾಕಿ ಅಂತ ಬರೀರಿ. ತಕರಾರಿದ್ದವರು ಆಕೀನ್ನ ಬಂದು ಕೇಳ್ರಿ" ಅಂದಳಂತೆ. ಕೇಳಲಿಕ್ಕೆ ಯಾರೂ ಬಂದಿಲ್ಲ. ಎಲ್ಲರಿಗೂ ಜೀವದಾಸೆ ಇರುತ್ತದಲ್ಲ. ಕೂಸಿಗೆ ಎರೆಯುವ ಕಾಶವ್ವ ಈಗಲೇ ಬಂದು ಬಚ್ಚಲ ನೋಡಿಕೊಂಡು ಹೋಗಿದ್ದಾಳೆ. ಬಾಜೂ ಮನೆಯವರು ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ಎಣ್ಣೆ ಹಚ್ಚಿಟ್ಟಿದ್ದಾರೆ.

ಹುಡುಗಿಯದು ಒಂದೇ ಹಟ. ಒಂಬತ್ತನೇ ತಿಂಗಳು ಬಿದ್ದಾಗಿನಿಂದ ಮೊಸರು ಅವಲಕ್ಕಿ ಬೇಕು ಅನ್ನುತ್ತಾಳೆ. ಇಂಥ ಥಂಡಿಯಲ್ಲಿ, ದಿನ ತುಂಬಿದ ಬಸುರಿಗೆ ಮೊಸರೇ? ನಾನು ಮುಟ್ಟಿಸುವುದಿಲ್ಲ. ಗಡಿಗೆಯನ್ನೇ ಅಟ್ಟಕ್ಕೆ ಏರಿಸಿದ್ದೇನೆ. ಬಯಕೆಗೂ ಒಂದು ಶಿಸ್ತು ಬೇಕು. ಮಕ್ಕಳ ಹಟಕ್ಕೆ ಸೋಲುವ ಜಾತಿ ನನ್ನದಲ್ಲ, ಅದು ನಿಮಗೆ ಗೊತ್ತಿದೆ.

ಕಾಂತಾ


ಖಾನಾಪುರ
೧೪ ಫೆಬ್ರುವರಿ ೨೦೨೫

ಕುಂದಾ,

ಮೊನ್ನೆ ಬುಧವಾರ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಸುಂತಲಿ ಖೋಲಿಯಲ್ಲಿರಲಿಲ್ಲ. ಹಿತ್ತಲಲ್ಲಿಲ್ಲ, ಬಾಳವ್ವನ ಮನೆಯಲ್ಲಿಲ್ಲ. ಇಡೀ ಓಣಿ ಹುಡುಕಿತು. ಆಟೋ ಮಾಯಪ್ಪ ಬಂದು, ನಿಮ್ಮ ಮನೆಯ ಹುಡುಗಿ ರೈಲ್ವೆ ಸ್ಟೇಶನ್ನಿನಲ್ಲಿ ಕೂತಿದ್ದಾಳೆ ಅಂದ. ಇವರೂ ನಾನೂ ಅವನ ಆಟೋದಲ್ಲೇ ಹೋದೆವು.

ಬೆಂಚಿನ ಮೇಲೆ ಕೂತಿದ್ದಳು. ಚೀಲ ಇಲ್ಲ, ಏನಿಲ್ಲ. ನಾನು ಬೈಯಬೇಕೆಂದು ಬಾಯಿ ತೆರೆದೆ. ಇವರು ನನ್ನ ಕೈ ಹಿಡಿದು ನಿಲ್ಲಿಸಿ, ಅವಳ ಬಾಜೂ ಕೂತು, ಊರಿಗೆ ಹೊರಟಿದ್ದೀಯಾ ಮಗಳೇ ಎಂದು ಕೇಳಿದರು.

"ಇಲ್ಲ ಅಪ್ಪಾಜಿ. ಊರಿಗೆ ಹೋಗಾಕ ಬಂದಿಲ್ಲ. ಊರ ಕಡೆ ಹೋಗೋ ರೈಲು ನೋಡಾಕ ಬಂದೀನಿ" ಅಂದಳು.

ಆಮೇಲೆ ಅಳುತ್ತ ಎಲ್ಲವನ್ನೂ ಹೇಳಿದಳು. ಅವರ ಕಡೆ ಹೆರಿಗೆಗೆ ಮುಂಚೆ ತಾಯಿಯಾದವಳು ಮಗಳಿಗೆ ಮೊಸರು ಅವಲಕ್ಕಿ ಕಲಸಿ ತನ್ನ ಕೈಯಿಂದ ತಿನ್ನಿಸಬೇಕಂತೆ. ಅದು ಬಯಕೆಯ ತಿಂಡಿಯಲ್ಲ, ತಾಯಿಯ ಆಶೀರ್ವಾದ. ಅದನ್ನು ತಿಂದು ಹೋದವಳು ಕೂಸಿನೊಂದಿಗೆ ತಿರುಗಿ ಬರುತ್ತಾಳೆಂದು ನಂಬಿಕೆ. ಹೋದ ಸಲ ಅವಳಿಗೆ ತಿನ್ನಿಸುವವರು ಯಾರೂ ಇರಲಿಲ್ಲ. ಕೂಸು ಅದಕ್ಕೇ ಹೋಯಿತು ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಈ ಸಲ ಆಮಾ ಇದ್ದಾಳೆ ಅಂದುಕೊಂಡಿದ್ದಳು. ಆ ಆಮಾ ಮೊಸರಿನ ಗಡಿಗೆಯನ್ನು ಅಟ್ಟಕ್ಕೆ ಏರಿಸಿದ್ದಳು. ತಿಂಡಿಯನ್ನಷ್ಟೇ ಕೇಳಿದ್ದಳು; ನಿನ್ನ ಕೈಯಿಂದ ತಿನ್ನಿಸು ಎಂದು ತಾನೇ ಹೇಳಿ ತಿನ್ನಿಸಿಕೊಂಡರೆ ಆಶೀರ್ವಾದ ಹೇಗಾದೀತು ಎಂದು ಕಾರಣ ಮಾತ್ರ ಹೇಳಿರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು, ದೇವರ ಮುಂದೆ ಮಣೆ ಹಾಕಿ ಕೂರಿಸಿದೆ. ಮೊಸರು, ತೆಳು ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಕಲಸಿ ತುತ್ತು ಮಾಡಿ ತಿನ್ನಿಸಿದೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು.

ಕುಂದಾ, ಒಂದು ಹೆಣ್ಣುಮಗಳು ಬಾಯಿಬಿಟ್ಟು ಕೇಳಿದ್ದನ್ನು ಕೊಡದೆ ಅದಕ್ಕೆ ಶಿಸ್ತು ಎಂದು ಹೆಸರಿಟ್ಟವಳು ನಾನು. ಇದು ಮೊದಲ ಸಲವಲ್ಲ. ನನ್ನ ಷರತ್ತು ನಾನೇ ಮುರಿಯುತ್ತಿದ್ದೇನೆ. ನನ್ನ ಮಗಳು ನೇತ್ರಾ ಬಸುರಿಯಾದಾಗ ಅವಳಿಗೆ ಕುಬಸ ಮಾಡಿದವರು ಯಾರು? ಅವಳಿಗೆ ಯಾರಾದರೂ ಒಂದು ತುತ್ತು ತಿನ್ನಿಸಿದರೇ? ನೀನು ಪುಣೆಗೆ, ಅವಳ ಮನೆಗೆ ಹೋಗಿದ್ದೆಯಾ? ಇದ್ದದ್ದು ಇದ್ದ ಹಾಗೆ ಬರಿ.

ಕಾಂತಾ


ಅನಗೋಳ
೨೦ ಫೆಬ್ರುವರಿ ೨೦೨೫

ಕಾಂತಾ,

ಹೋಗಿದ್ದೆ. ಹಸಿರು ಸೀರೆ, ಬಳೆ, ಕುಬಸದ ಕಣ ತೆಗೆದುಕೊಂಡು ಹೋಗಿದ್ದೆ. ಅಲ್ಲಿ ಒಂದು ಸುಳ್ಳು ಹೇಳಿದೆ. "ನಿಮ್ಮವ್ವ ಕೊಟ್ಟು ಕಳಿಸ್ಯಾಳ. ನಿಮ್ಮಪ್ಪಗ ಗೊತ್ತಾದ್ರ ಸಿಟ್ಟಾಗ್ತಾರ, ಫೋನು ಮಾಡಬ್ಯಾಡ" ಅಂದೆ. ನಿನ್ನ ಸಿಟ್ಟನ್ನು ಆ ಬಡಪಾಯಿ ಗುರುಪುತ್ರಪ್ಪನವರ ತಲೆಗೆ ಕಟ್ಟಿದೆ. ತಾಯಿ ಮರೆತಿದ್ದಾಳೆ ಎಂದು ಬಸುರಿಯ ಎದುರು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಹೆರಿಗೆಯಾದ ಮೇಲೆ ಮತ್ತೆ ಹೋದೆ. ಬಾಣಂತಿಗೆಂದು ಕಟ್ಟಿ ಒಯ್ದ ಅಂಟಿನುಂಡಿಯೂ ನಿನ್ನದೇ ಅಂದೆ. ನೇತ್ರಾ ಒಂದು ಕಚ್ಚಿ, ನನ್ನ ಮುಖ ನೋಡಿ, "ಅವ್ವನ ಉಂಡಿ ಇಷ್ಟು ಗಟ್ಟಿ ಇರೂದಿಲ್ಲ ಮಾವಶಿ" ಅಂದು ನಕ್ಕಳು. ಆಮೇಲೆ ಎಲ್ಲವನ್ನೂ ತಿಂದಳು.

ಕುಬಸದ ಮರುದಿನ ಅವಳು ನಿನಗೊಂದು ಪತ್ರ ಬರೆದು ನನ್ನ ಕೈಗೆ ಕೊಟ್ಟಿದ್ದಳು. ನೀನು ಆಗ ನನ್ನ ನೆರಳನ್ನೂ ಹತ್ತಿರ ಬಿಡುತ್ತಿರಲಿಲ್ಲ. ಎರಡೂವರೆ ವರ್ಷ ನನ್ನ ಟ್ರಂಕಿನಲ್ಲಿತ್ತು. ಇದರ ಜೊತೆ ಇಟ್ಟಿದ್ದೇನೆ. ಸುಳ್ಳು ಹೇಳಿದ್ದಕ್ಕೆ ಬೇಕಾದಷ್ಟು ಬೈ. ಆದರೆ ಪತ್ರ ಓದು.

ಕುಂದಾ


ಪುಣೆ
೧೮ ಸೆಪ್ಟೆಂಬರ್ ೨೦೨೨

ಅವ್ವಾ,

ಸೀರೆ ಉಟ್ಟೆ. ಬಳೆ ಸರಿಯಾಗಿ ಕೂತವು. ಸೆರಗಿಗೆ ಕಟ್ಟಿದ್ದ ಉತ್ತತ್ತಿಯನ್ನು ಯಾರಿಗೂ ಕೊಡದೆ ನಾನೇ ತಿಂದೆ.

ಇಲ್ಲಿ ಯಾವುದಕ್ಕೂ ಕಡಿಮೆ ಇಲ್ಲ. ಸುಮಂತ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಆದರೆ ನಮ್ಮ ಬಿಲ್ಡಿಂಗಿನಲ್ಲಿ ನನ್ನ ಹೆಸರು ಗೊತ್ತಿರುವವರು ಇಬ್ಬರೇ. ಸಂಜೆ ಹೊತ್ತು ನಿನ್ನ ಹಾಗೆ ಯಾರಾದರೂ ಬೈದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಅಪ್ಪನಿಗೆ ಗೊತ್ತಾಗದ ಹಾಗೆ ಕಳಿಸಿದ್ದೀಯಂತೆ. ನೀನು ಕಳಿಸಿದೆ ಅನ್ನುವುದೇ ನನಗೆ ಸಾಕು. ಕರೆದ ದಿನ ಬರುತ್ತೇನೆ. ಅಲ್ಲಿಯವರೆಗೆ ಕಾಯುತ್ತೇನೆ.

ನಿನ್ನ
ನೇತ್ರಾ


ಖಾನಾಪುರ
೨ ಮಾರ್ಚ್ ೨೦೨೫

ಕುಂದಾಬಾಯಿ ಟೀಚರ ಅವರಿಗೆ ಶರಣು ಶರಣಾರ್ಥಿ.

ಶಿವರಾತ್ರಿಯ ದಿನ ಬೆಳಿಗ್ಗೆ ಸುಂತಲಿಗೆ ಹೆಣ್ಣು ಮಗು ಆಯಿತು. ತೂಕ ಎರಡು ಕಿಲೋ ಏಳುನೂರು. ತಾಯಿ, ಮಗು ಇಬ್ಬರೂ ಆರಾಮ ಇದ್ದಾರೆ. ರಕ್ತ ಬೇಕಾದೀತೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಬಸವಪ್ರಸಾದ ಮತ್ತು ಅವನ ಗೆಳೆಯರು ಆರು ಜನ ದವಾಖಾನೆಯಲ್ಲಿ ಸಾಲಾಗಿ ಕೂತಿದ್ದರು. ಒಬ್ಬನ ರಕ್ತ ಸಾಕಾಯಿತು, ಉಳಿದವರು ಬೇಸರದಿಂದ ಹಿಂತಿರುಗಿದರು. ಟೇಕ ಬಹಾದ್ದೂರ ಮಗುವನ್ನು ಎತ್ತಿಕೊಳ್ಳಲು ಹೆದರಿದ್ದರಿಂದ, ಮೊದಲು ನಾನು ಎತ್ತಿಕೊಂಡೆ.

ಕಾಂತಾ ನಿಮಗೆ ಬರೆಯುತ್ತಿಲ್ಲ. ನೀವು ಕಳಿಸಿದ ಲಕೋಟೆಯನ್ನು ಒಡೆಯದೆ ದೇವರ ಜಗಲಿಯ ಮೇಲಿಟ್ಟಿದ್ದಳು. ಮಗು ಹುಟ್ಟಿದ ದಿನ ಮನೆಗೆ ಬಂದು ಒಡೆದು, ಎರಡೂ ಪತ್ರ ನನಗೂ ಓದಿ ಹೇಳಿದಳು. ಆಮೇಲೆ ಇಬ್ಬರೂ ಊಟ ಮಾಡಲಿಲ್ಲ. ಇಷ್ಟು ವರ್ಷ ಮಗಳ ಎದುರು ನನ್ನನ್ನು ಸಿಟ್ಟಿನ ಅಪ್ಪನನ್ನಾಗಿ ಮಾಡಿದ್ದೀರಿ. ಇರಲಿ, ತಪ್ಪು ನನ್ನದೂ ಇದೆ. ಹೆಂಡತಿಯ ಸಿಟ್ಟಿಗೆ ಹೆದರಿ ಸುಮ್ಮನಿದ್ದವನು ಸಿಟ್ಟು ಮಾಡಿದವನಿಗಿಂತ ಒಳ್ಳೆಯವನೇನಲ್ಲ.

ಇದೇ ಹತ್ತನೇ ತಾರೀಖಿಗೆ ತೊಟ್ಟಿಲು ಕಾರ್ಯಕ್ರಮ. ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬೇಕು. ಗಂಡನ ಮನೆಯ ಕಡೆಯವರು ಅಂತ ಸುಂತಲಿಗೆ ಈ ಸೀಮೆಯಲ್ಲಿ ಇರುವವರು ನೀವೊಬ್ಬರೇ. ನೀವು ಬರಬಾರದೆಂಬ ಷರತ್ತಿನ ವಿಷಯ ಕಾಂತಾಳನ್ನು ಕೇಳಿದೆ. "ಸೋದರತ್ತಿಗೆ ಯಾವ ಷರತ್ತ್ರೀ?" ಅಂದಳು.

ತಪ್ಪದೆ ಬರಬೇಕು.

ಗುರುಪುತ್ರಪ್ಪ


ಅನಗೋಳ
೧೨ ಮಾರ್ಚ್ ೨೦೨೫

ಕಾಂತಾ,

ಕಿವಿಯಲ್ಲಿ ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಹೆಂಗಸರು ಮೆಲ್ಲಗೆ ಗುದ್ದುವುದು ಪದ್ಧತಿ. ಬಾಳವ್ವ ಗುದ್ದಿದಳು, ಕಾಶವ್ವ ಗುದ್ದಿದಳು, ಅದು ಗುದ್ದು. ನೀನು ಕೊಟ್ಟದ್ದು ಬೇರೆ. ಮೂರು ವರ್ಷದ್ದನ್ನು ಒಂದೇ ಸಲ ಕೊಟ್ಟೆ. ಬೆನ್ನಿಗೆ ಇನ್ನೂ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೇನೆ. ಇನ್ನೊಂದು ಕೊಟ್ಟಿದ್ದರೂ ಬೇಡ ಅನ್ನುತ್ತಿರಲಿಲ್ಲ.

ಹೆಸರು ಆರಿಸುವುದನ್ನು ಗಂಡ ಹೆಂಡತಿ ನನಗೇ ಬಿಟ್ಟರಲ್ಲ, ಮುಗ್ಧಾ ಎಂದು ಹೆಸರಿಟ್ಟ ಆ ಭಾಗ್ಯ ನಾನು ಮರೆಯುವುದಿಲ್ಲ. ಮಕ್ಕಳಿಲ್ಲದವಳನ್ನು ತೊಟ್ಟಿಲ ಹತ್ತಿರ ಕರೆಯುವವರು ಕಡಿಮೆ. ನೀನು ಕೈ ಹಿಡಿದು ಕರೆದೆ.

ಟೇಕ ಬಹಾದ್ದೂರ ಇಲ್ಲಿ ಓಣಿಗೆಲ್ಲ ಪೇಡೆ ಹಂಚಿದ. ರಸಿಕಾ, ಹೆಣ್ಣಾದರೆ ಬರ್ಫಿ ಕೊಡಬೇಕು ಎಂದು ತಕರಾರು ತೆಗೆದಳು. ಅವನು ಮರುದಿನ ಬರ್ಫಿಯನ್ನೂ ಹಂಚಿದ.

ಕುಂದಾ


ಖಾನಾಪುರ
೨೦ ಜುಲೈ ೨೦೨೫

ಕುಂದಾ,

ಸುಂತಲಿಯನ್ನು ನಿನ್ನ ಕಡೆ ಕಳಿಸಿ ತಿಂಗಳಾಯಿತು. ಮನೆಯಲ್ಲಿ ಕೂಸಿನ ದನಿ ಇಲ್ಲದೆ ಇವರಿಗೆ ಪೇಪರು ಓದಲೂ ಬೇಸರ. ಹೊರಡುವ ದಿನ ಅವಳು ಹೊಸಿಲ ಮೇಲೆ ಅಕ್ಕಿ ಬೆಲ್ಲ ಇಟ್ಟು, "ಆಮಾ, ಈಗ ರೈಲು ನೋಡಾಕ ಹೋಗೂದಿಲ್ಲ. ಅನಗೋಳದಿಂದ ನನ್ನ ತವರಿಗೆ ಬಸ್ ಐತಿ" ಅಂದಳು. ನಾನು ಒಳಗೆ ಹೋಗಿ ಅತ್ತೆ. ಉಪಕಾರ ಮಾಡಿದೆ ಎಂದು ನೀನು ಬರೆಯುತ್ತೀ. ಅವಳು ನನಗೆ ಮಾಡಿದ್ದರ ಮುಂದೆ ನಾನು ಮಾಡಿದ್ದು ಏನೂ ಅಲ್ಲ.

ಖೋಲಿ ಹೆಚ್ಚು ದಿನ ಖಾಲಿ ಇರುವ ಹಾಗಿಲ್ಲ. ಹಂಚಿನ ಭಟ್ಟಿಯಲ್ಲಿ ಒಡಿಶಾದಿಂದ ಬಂದವರೊಬ್ಬರ ಸೊಸೆಗೆ ಐದು ತಿಂಗಳಂತೆ. ಬಾಳವ್ವ ಹೇಳಿದಳು. ಈ ಸಲ ಮೊದಲೇ ಹೋಗಿ ಕೇಳಿಕೊಂಡು ಬಂದಿದ್ದೇನೆ: ನಿಮ್ಮ ಕಡೆ ತಾಯಿ ಏನು ತಿನ್ನಿಸುತ್ತಾಳೆ, ಯಾವಾಗ ತಿನ್ನಿಸುತ್ತಾಳೆ ಎಂದು.

ಇಪ್ಪತ್ತೊಂಬತ್ತಕ್ಕೆ ನಾಗಪಂಚಮಿ. ಪಂಚಮಿಗೆ ಹೆಣ್ಣುಮಕ್ಕಳು ತವರಿನಲ್ಲಿರಬೇಕು. ಬಸವಪ್ರಸಾದ ಗಾಡಿ ತೆಗೆದುಕೊಂಡು ಬರುತ್ತಾನೆ. ಸುಂತಲಿಗೂ ಕೂಸಿಗೂ ತಯಾರಾಗಿರಲು ಹೇಳು. ನೀನೂ ಬಾ. ಜೋಕಾಲಿ ಹಗ್ಗ ಗಟ್ಟಿ ಇದೆ, ನಿನ್ನ ಮೊಣಕಾಲನ್ನೂ ತಡೆಯುತ್ತದೆ.

ಗಾಡಿ ಅಲ್ಲಿಂದ ನೇರ ಇಲ್ಲಿಗೆ ಬರುವುದಿಲ್ಲ, ಮೊದಲು ಬೆಳಗಾವಿ ಸ್ಟೇಶನ್ನಿಗೆ ಹೋಗುತ್ತದೆ. ಪುಣೆಯ ರೈಲಿಗೆ ನೇತ್ರಾ, ಸುಮಂತ, ನನ್ನ ಮೊಮ್ಮಗ ಬರುತ್ತಿದ್ದಾರೆ. ಮೊನ್ನೆ ನಾನೇ ಫೋನು ಮಾಡಿದೆ. ಬಾ ಎಂದು ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಅವಳು ಆ ಕಡೆ ಫೋನು ಹಿಡಿದು ಕಾದಳು. ಮಾತಿನ ಕೊನೆಗೆ, "ಅವ್ವಾ, ನೀ ಕಳಿಸಿದ ಕುಬಸದ ಸೀರಿನ ಉಟಗೊಂಡು ಬರ್ತೀನಿ" ಅಂದಳು. "ಉಟಗೊಂಡು ಬಾ" ಅಂದೆ.

ನಿನ್ನ ಸುಳ್ಳನ್ನು ನಾನು ಇಟ್ಟುಕೊಳ್ಳುತ್ತೇನೆ, ಕುಂದಾ. ನಾನು ಮಾಡಬೇಕಾದದ್ದನ್ನು ನನ್ನ ಹೆಸರಿನಲ್ಲಿ ನೀನು ಮಾಡಿದೆ. ಇದಕ್ಕೆ ನಾನು ಯಾವ ಬಾಯಿಂದ ಏನು ಹೇಳಲಿ? ಒಂದು ವಿಷಯ ಮಾತ್ರ ಇಪ್ಪತ್ತೆಂಟರೊಳಗೆ ನನಗೆ ತಿಳಿಸು. ಆ ಸೀರೆ ಇಳಕಲ್ಲಿನದೋ, ಶಹಾಪುರದ್ದೋ? ಅಂಚು ಯಾವ ಬಣ್ಣದ್ದು? ಬಾಗಿಲಲ್ಲಿ ನಿಂತು ಆರತಿ ಮಾಡುವವಳು ನಾನು. ಕೊಟ್ಟವಳಿಗೇ ಗೊತ್ತಿಲ್ಲದಿದ್ದರೆ ಹೇಗೆ?

ನಿನ್ನ
ಕಾಂತಾ